ಗಾಡಿ ಹೂಡಿದ ಗಣಕಯಂತ್ರ

ಆಟ ಬಿಟ್ಟು ಪಾಠಕ್ಕೆ ಕುಳಿತುಕೊಳ್ಳಿ ಎಂದು ಮಕ್ಕಳನ್ನು ಗದರಿಸದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಆಟ ಬೇರೆ, ಪಾಠ ಬೇರೆ. ಒಂದು ಮುಗಿದ ಮೇಲೆ ಇನ್ನೊಂದು ಎಂಬುದು ತಲೆಮಾರುಗಳಿಂದ ನಡೆದುಬಂದ ಕಟ್ಟಳೆ. ಈ ಕಟ್ಟಳೆಗೆ ವಿರುದ್ಧವಾದ ಮಾತೊಂದು ಈಗ ಶಿಕ್ಷಣತಜ್ಞರ ಬಾಯಲ್ಲಿ ಕೇಳಿಬರುತ್ತಿದೆ. ಮಕ್ಕಳು ಗಂಟೆಗಟ್ಟಲೆ ಕಣ್ಣು ನೆಟ್ಟು ಕುಳಿತುಬಿಡುವ ವಿಡಿಯೋ ಗೇಮುಗಳನ್ನೇ ತರಗತಿಯೊಳಕ್ಕೆ ಕರೆತಂದು ಅವುಗಳ ಮೂಲಕ ಚರಿತ್ರೆಯನ್ನೋ ಗಣಿತವನ್ನೋ ಕಲಿಸಬಹುದು ಎಂಬುದೇ ಆ ಮಾತು. ಕೇಳಿದವರಲ್ಲಿ ಕೆಲವರು ಹುಬ್ಬೇರಿಸುತ್ತಾರೆ. ಕೆಲವರು ಮುಂದಿನ ಯುಗದ ವಿದ್ಯೆ ಇದೇ ಎಂದು ಹಿಗ್ಗುತ್ತಾರೆ. ಈ ಎರಡು ಪಂಗಡದವರೂ ಸಾಮಾನ್ಯವಾಗಿ ಗಮನಿಸದ ಸಂಗತಿ ಒಂದುಂಟು. ಇದು ಹೊಸ ಮಾತಲ್ಲ; ಇದಕ್ಕೆ ಅರುವತ್ತು ವರ್ಷಗಳ ಹಳಮೆಯಿದೆ. ಅಂಗಡಿಯಲ್ಲಿ ವಿಡಿಯೋ ಗೇಮು ಮಾರಾಟಕ್ಕೆ ಬರುವ ಮೊದಲೇ, ಶಾಲೆಯ ಮಕ್ಕಳ ಎದುರಿಗೆ ಗಣಕಯಂತ್ರದ ತೆರೆ ಬೆಳಗುವ ಮೊದಲೇ, ಇಂತಹ ಆಟ ಶಾಲೆಯ ಕೋಣೆಯಲ್ಲಿ ನಡೆದಿತ್ತು.

1964ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಪ್ರಾಂತದಲ್ಲಿ ಅಲ್ಲಿಯ ಶಿಕ್ಷಣ ಮಂಡಲಿಯವರೂ ಐ.ಬಿ.ಎಂ. ಸಂಸ್ಥೆಯವರೂ ಕೂಡಿ ಒಂದು ಪ್ರಯೋಗವನ್ನು ಕೈಗೊಂಡರು. ಆಟದ ಕಲ್ಪನೆಯನ್ನು ಬರವಣಿಗೆಗೆ ಇಳಿಸಿದವರು ಮೇಬಲ್ ಆಡಿಸ್ ಎಂಬ ಶಾಲಾ ಉಪಾಧ್ಯಾಯಿನಿ. ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಂದವರು ವಿಲಿಯಂ ಮೆಕೇ. ಪ್ರಾಚೀನ ಸುಮೇರಿಯದ ಲಗಾಶ್ ನಗರಕ್ಕೆ ಆರನೆಯ ತರಗತಿಯ ಬಾಲಕನೋ ಬಾಲಕಿಯೋ ಅರಸಾಗಬೇಕು. ಕಣಜದಲ್ಲಿ ಇಂತಿಷ್ಟು ಧಾನ್ಯವಿದೆ, ಊರಿನಲ್ಲಿ ಇಂತಿಷ್ಟು ಜನವಿದ್ದಾರೆ ಎಂದು ಯಂತ್ರ ಕಾಗದದ ಮೇಲೆ ಅಚ್ಚುಹಾಕಿ ತಿಳಿಸುತ್ತದೆ. ಊಟಕ್ಕೆ ಎಷ್ಟು, ಬಿತ್ತನೆಗೆ ಎಷ್ಟು, ಕಾಪಿಡುವುದಕ್ಕೆ ಎಷ್ಟು ಎಂದು ಅರಸು ತೀರ್ಮಾನಿಸಿ ಟೈಪು ಮಾಡಬೇಕು. ತೀರ್ಮಾನ ತಪ್ಪಿದರೆ ಮರುವರ್ಷ ಜನ ಹಸಿಯುತ್ತಾರೆ. ಆ ಆಟದ ಮೂಲ ಬರವಣಿಗೆ ಇಂದು ಕಳೆದುಹೋಗಿದೆ. ಆಡಿದವರ ಕಾಗದದ ಕೆಲವು ತುಣುಕುಗಳಷ್ಟೇ ಉಳಿದುಬಂದಿವೆ. ಅದರ ಸುದ್ದಿಯನ್ನು ಕೇಳಿದವರು ಹಮ್ಮುರಾಬಿ ಎಂಬ ಹೆಸರಿನಲ್ಲಿ ರಚಿಸಿದ ಚಿಕ್ಕ ಆಟ ಮಾತ್ರ 1970ರ ದಶಕದಲ್ಲಿ ಬಹಳ ದೂರ ಹಬ್ಬಿತು.

ಆದರೆ ತರಗತಿಯ ಆಟವೆಂದೊಡನೆ ಅಮೆರಿಕದ ನಡುವಯಸ್ಸಿನ ಜನ ನೆನೆಯುವುದು ಇದನ್ನಲ್ಲ. ಒರೆಗಾನ್ ಟ್ರೇಲ್ ಎಂಬ ಇನ್ನೊಂದನ್ನು. ಅದರ ಜನನದ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳಲು ತಕ್ಕದ್ದು.

1971ರಲ್ಲಿ ಮಿನೆಸೋಟ ರಾಜ್ಯದ ಕಾರ್ಲ್‌ಟನ್ ಕಾಲೇಜಿನ ಮೂವರು ವಿದ್ಯಾರ್ಥಿಗಳು ಒಂದೇ ಬಿಡಾರದಲ್ಲಿದ್ದು ಮಿನಿಯಾಪೊಲಿಸ್ ನಗರದ ಶಾಲೆಗಳಲ್ಲಿ ಅಧ್ಯಾಪನದ ಅಭ್ಯಾಸ ನಡೆಸುತ್ತಿದ್ದರು. ಅವರಲ್ಲಿ ಡಾನ್ ರಾವಿಚ್ ಚರಿತ್ರೆಯನ್ನು ಕಲಿಸುವವರು. ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಗಣಿತದವರು. ರಾವಿಚ್ ಅವರ ಪಾಲಿಗೆ ಬಂದ ಪಾಠ ಅಮೆರಿಕದ ಜನ ಪಡುವಣ ದಿಕ್ಕಿಗೆ ವಲಸೆ ಹೋದ ವೃತ್ತಾಂತ. ಮಿಸೂರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದಿಂದ ಹೊರಟು, ಹುಲ್ಲುಗಾವಲುಗಳನ್ನೂ ರಾಕಿ ಪರ್ವತಶ್ರೇಣಿಯನ್ನೂ ದಾಟಿ, ಒರೆಗಾನ್ ಸೀಮೆಯನ್ನು ಮುಟ್ಟುವ ಎರಡು ಸಾವಿರ ಮೈಲಿಯ ಗಾಡಿದಾರಿ ಅದು. 1840ರ ದಶಕದಿಂದ ಹಿಡಿದು, 1869ರಲ್ಲಿ ಖಂಡದ ಎರಡು ತುದಿಗಳನ್ನು ರೈಲುಹಾದಿ ಬೆಸೆಯುವವರೆಗೆ ಲಕ್ಷಗಟ್ಟಲೆ ಜನ ಪಡುವಣಕ್ಕೆ ಹೋದದ್ದು ಇಂತಹ ಗಾಡಿದಾರಿಗಳಲ್ಲಿಯೇ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಎಂಟನೆಯ ತರಗತಿಯ ಹುಡುಗರು ಆಕಳಿಸುವುದು ಸಹಜ. ಆದ್ದರಿಂದ ರಾವಿಚ್ ಉದ್ದವಾದ ಕಾಗದದ ಮೇಲೆ ಭೂಪಟವನ್ನು ಬರೆದು, ದಾಳವನ್ನೂ ಚೀಟಿಗಳನ್ನೂ ಇಟ್ಟು ಒಂದು ಮಣೆಯಾಟವನ್ನು ರಚಿಸಲು ತೊಡಗಿದ್ದರು. ಅದನ್ನು ಕಂಡ ಗೆಳೆಯರಿಬ್ಬರು, ದಾಳ ಹಾಕುವ ಕೆಲಸವನ್ನೂ ಲೆಕ್ಕ ಇಡುವ ಕೆಲಸವನ್ನೂ ಗಣಕಯಂತ್ರಕ್ಕೇ ವಹಿಸಬಹುದಲ್ಲ ಎಂದರು.

ಇದ್ದ ಕಾಲಾವಕಾಶ ಎರಡು ವಾರ. ಶಾಲೆಯಲ್ಲಿ ಪೊರಕೆ ಬಕೆಟ್ಟುಗಳನ್ನಿಡುತ್ತಿದ್ದ ಒಂದು ಕಿರುಕೋಣೆಯಲ್ಲಿ ಟೆಲಿಟೈಪ್ ಯಂತ್ರವನ್ನು ಇರಿಸಿದ್ದರು; ಗಣಿತದ ಮೇಷ್ಟರಿಬ್ಬರೂ ಸಂಜೆಯ ಹೊತ್ತು ಅಲ್ಲಿ ಕುಳಿತು ಆಟವನ್ನು ಬರೆದು ಮುಗಿಸಿದರು. ಆ ವರ್ಷದ ಡಿಸೆಂಬರ್ 3ರಂದು ರಾವಿಚ್ ಅವರ ಮಕ್ಕಳು ಅದನ್ನು ಮೊದಲ ಬಾರಿ ಆಡಿದರು. ಚಿತ್ರವಿಲ್ಲ, ಬಣ್ಣವಿಲ್ಲ, ಸಂಗೀತವಿಲ್ಲ. ಟೆಲಿಟೈಪ್ ಎಂದರೆ ದೂರದಲ್ಲೆಲ್ಲೋ ಇರುವ ಗಣಕಯಂತ್ರಕ್ಕೆ ಟೆಲಿಫೋನ್ ತಂತಿಯ ಮೂಲಕ ಜೋಡಿಸಿದ, ಟಕಟಕನೆ ಸದ್ದುಮಾಡುತ್ತ ಕಾಗದದ ಸುರುಳಿಯ ಮೇಲೆ ಅಕ್ಷರಗಳನ್ನು ಒತ್ತುವ ಒಂದು ದೊಡ್ಡ ಟೈಪ್‌ರೈಟರು ಎಂದು ವಾಚಕರು ಭಾವಿಸಿಕೊಳ್ಳಬಹುದು. ಆದರೂ ಮಕ್ಕಳು ಶಾಲೆಗೆ ಮುಂಚಿತವಾಗಿ ಬಂದು, ಸಂಜೆ ಶಾಲೆ ಬಿಟ್ಟ ಮೇಲೂ ನಿಂತು, ಸಾಲುಗಟ್ಟಿ ಆಡಿದರು.

ಆಟದ ಬಗೆಯನ್ನು 1978ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾದ ಅದರ ರೂಪದಿಂದ ತಿಳಿಯಬಹುದು. ಅದು 1847ರ ಮಾರ್ಚ್ ತಿಂಗಳ ಕೊನೆ. ಐದು ಮಂದಿಯ ಸಂಸಾರ. ಕೂಡಿಟ್ಟ ಹಣ 900 ಡಾಲರು. ಅದರಲ್ಲಿ 200 ಡಾಲರು ಆಗಲೇ ಗಾಡಿಗೆ ಹೋಗಿದೆ. ಉಳಿದ 700ರಲ್ಲಿ ಎತ್ತುಗಳಿಗೆ ಎಷ್ಟು, ಆಹಾರಕ್ಕೆ ಎಷ್ಟು, ಮದ್ದುಗುಂಡಿಗೆ ಎಷ್ಟು, ಬಟ್ಟೆಬರೆಗೆ ಎಷ್ಟು, ಔಷಧ ಮೊದಲಾದವಕ್ಕೆ ಎಷ್ಟು? ಮುಂದಿರುವ ದಾರಿ 2040 ಮೈಲಿ. ಹದಿನೈದು ದಿನಗಳಿಗೊಮ್ಮೆ ಯಂತ್ರ ಪ್ರಶ್ನಿಸುತ್ತದೆ: ಕೋಟೆಯಲ್ಲಿ ತಂಗಿ ಸಾಮಾನು ಕೊಳ್ಳುವಿರೊ, ಬೇಟೆಗೆ ಹೋಗುವಿರೊ, ಮುಂದುವರಿಯುವಿರೊ? ಹೊಟ್ಟೆತುಂಬ ಉಣ್ಣುವಿರೊ, ಅರೆಹೊಟ್ಟೆಯಲ್ಲಿರುವಿರೊ? ಬೇಟೆಗೆ ಹೊರಟವನು ಬಂದೂಕಿನ ಸದ್ದನ್ನು ಸೂಚಿಸುವ 'ಬ್ಯಾಂಗ್' ಎಂಬ ಪದವನ್ನು ತಪ್ಪಿಲ್ಲದೆ ಟೈಪು ಮಾಡಬೇಕು. ಅದಕ್ಕೆ ಹಿಡಿದ ಕಾಲವನ್ನು ಯಂತ್ರ ಅಳೆದು ಗುರಿ ಮುಟ್ಟಿತೊ ಇಲ್ಲವೊ ಹೇಳುತ್ತದೆ. ನಡುವೆ ಗಾಡಿಯ ಚಕ್ರ ಮುರಿಯುತ್ತದೆ, ಎತ್ತು ಕುಂಟುತ್ತದೆ, ಹಿಮ ಸುರಿಯುತ್ತದೆ, ಕಾಯಿಲೆ ಬರುತ್ತದೆ. ಆಟಗಾರ ಸತ್ತರೆ, ಪಾದ್ರಿ ಬೇಕೆ, ಉತ್ತರಕ್ರಿಯೆ ಸಡಗರದಿಂದ ಆಗಬೇಕೆ ಎಂದು ಯಂತ್ರ ಬಹು ವಿನಯದಿಂದ ಕೇಳುವುದೂ ಉಂಟು.

ಮಕ್ಕಳು ಇದರಿಂದ ಏನನ್ನು ಕಲಿತರು? ಯಾವುದೋ ಇಸವಿಯನ್ನಲ್ಲ, ಯಾವುದೋ ಸೇನಾಪತಿಯ ಹೆಸರನ್ನಲ್ಲ. ಕೊರತೆ ಎಂದರೇನು ಎಂಬುದನ್ನು ಕಲಿತರು. ಎತ್ತಿಗೆ ಹೆಚ್ಚು ಕೊಟ್ಟರೆ ಔಷಧಕ್ಕೆ ಕಡಿಮೆಯಾಗುತ್ತದೆ. ಔಷಧವಿಲ್ಲದೆ ಹೊರಟರೆ ಕಾಯಿಲೆ ಬಂದಾಗ ಪಶ್ಚಾತ್ತಾಪಕ್ಕೆ ಅವಕಾಶವಿಲ್ಲ. ಪುಸ್ತಕದಲ್ಲಿ 'ವಲಸೆಗಾರರು ಅನೇಕ ಕಷ್ಟಗಳನ್ನು ಎದುರಿಸಿದರು' ಎಂಬ ಒಂದು ಸಾಲು ಇರುತ್ತದೆ. ಪರೀಕ್ಷೆಗೆ ಆ ಸಾಲು ಸಾಕು. ಆದರೆ ಆ 'ಅನೇಕ'ದ ಒಳಗೆ ತನ್ನದೇ ತೀರ್ಮಾನದಿಂದ ಸಿಕ್ಕಿಬಿದ್ದ ಹುಡುಗನಿಗೆ ಆಗುವ ತಿಳಿವು ಬೇರೆ ತೆರನಾದದ್ದು. ಇನ್ನೂ ಒಂದು ಸಂಗತಿಯನ್ನು ರಾವಿಚ್ ಅನಂತರ ನೆನೆದಿದ್ದಾರೆ. ಇಡೀ ತರಗತಿಗೆ ಇದ್ದದ್ದು ಒಂದೇ ಯಂತ್ರ. ಆದ್ದರಿಂದ ಮಕ್ಕಳು ಗುಂಪುಗೂಡಿ ಕುಳಿತರು. ಬೇಗ ಟೈಪು ಮಾಡಬಲ್ಲವನು ಬೇಟೆಗಾರನಾದ, ಮತ್ತೊಬ್ಬ ಭೂಪಟವನ್ನು ಹಿಡಿದ, ಇನ್ನೊಬ್ಬ ಹಣದ ಲೆಕ್ಕಕ್ಕೆ ನಿಂತ. ಯಾರೂ ಹೇಳಿಕೊಡದೆ ಅಲ್ಲೊಂದು ಸಂಸಾರ ಏರ್ಪಟ್ಟಿತು. ಮಗುವಿಗೊಂದು ಯಂತ್ರ ಕೊಟ್ಟರೇ ವಿದ್ಯೆ ಬರುವುದೆಂದು ಹೇಳುವವರು ಈ ವಿಷಯವನ್ನು ಒಂದಿಷ್ಟು ಆಲೋಚಿಸಬೇಕು. ಒಂದು ಗಣಕಯಂತ್ರದ ಸುತ್ತ ಹತ್ತು ಮಕ್ಕಳು ಮುತ್ತಿಕೊಳ್ಳುವ ಶಾಲೆ ನಮ್ಮಲ್ಲಿ ಬಡತನದ ಗುರುತು. ಈ ಬಗೆಯ ಆಟಕ್ಕೆ ಅದೇ ಅನುಕೂಲ.

ಆಟದ ಮುಂದಿನ ಚರಿತ್ರೆ ಸಂಕ್ಷೇಪವಾಗಿ ಇಷ್ಟು. ಆ ಅವಧಿಯ ಪಾಠ ಮುಗಿದೊಡನೆ ರಾವಿಚ್ ಆಟದ ಬರವಣಿಗೆಯನ್ನು ಕಾಗದದ ಸುರುಳಿಯಲ್ಲಿ ಅಚ್ಚುಹಾಕಿಕೊಂಡು ಯಂತ್ರದಿಂದ ಅಳಿಸಿಬಿಟ್ಟರು. 1973ರಲ್ಲಿ ಮಿನೆಸೋಟ ರಾಜ್ಯವು ಶಾಲೆಗಳಿಗೆ ಗಣಕಯಂತ್ರದ ಸೌಕರ್ಯವನ್ನು ಒದಗಿಸಲು ಎಂ.ಇ.ಸಿ.ಸಿ. ಎಂಬ ಸಂಸ್ಥೆಯನ್ನು ಸ್ಥಾಪಿಸಿತು. 1974ರಲ್ಲಿ ಅಲ್ಲಿ ಉದ್ಯೋಗಕ್ಕೆ ಸೇರಿದ ರಾವಿಚ್, ಮಡಿಸಿಟ್ಟಿದ್ದ ಸುರುಳಿಯನ್ನು ಬಿಚ್ಚಿ ಒಂದೊಂದು ಸಾಲನ್ನೂ ಮತ್ತೆ ಟೈಪು ಮಾಡಿದರು. ಅಷ್ಟಕ್ಕೇ ನಿಲ್ಲದೆ, ಆ ದಾರಿಯಲ್ಲಿ ನಿಜವಾಗಿ ಪ್ರಯಾಣಮಾಡಿದವರ ದಿನಚರಿಗಳನ್ನು ಓದಿ, ಯಾವ ಕಷ್ಟ ಎಷ್ಟು ಸಲ ಬರುತ್ತಿತ್ತು ಎಂದು ಎಣಿಸಿ, ಆಟದ ದಾಳವನ್ನು ಆ ಎಣಿಕೆಗೆ ಹೊಂದಿಸಿದರು. ಚರಿತ್ರೆಯ ಮೇಷ್ಟರು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ನನ್ನ ಎಣಿಕೆ. 1985ರಲ್ಲಿ ಆರ್. ಫಿಲಿಪ್ ಬೂಷಾರ್ಡ್ ಅವರ ನೇತೃತ್ವದಲ್ಲಿ ಆಪಲ್ ಯಂತ್ರಕ್ಕಾಗಿ ಚಿತ್ರಗಳೊಡನೆ ಹೊಸ ರೂಪವೊಂದು ಸಿದ್ಧವಾಯಿತು. ಒಂದು ತಲೆಮಾರಿನ ಅಮೆರಿಕದ ಮಕ್ಕಳು ಆಡಿ ಬೆಳೆದದ್ದು ಇದನ್ನು. ಆಮಶಂಕೆಯಿಂದ ಸತ್ತಿರೆಂದು ಅದು ಸಾರುವ ವಾಕ್ಯ ಆ ದೇಶದಲ್ಲಿ ಗಾದೆಯಷ್ಟೇ ಬಳಕೆಗೆ ಬಂದಿದೆ.

ಹೀಗೆಂದು ಹೇಳಿ ಮುಗಿಸಿದರೆ ಇದೊಂದು ಸಂತೋಷದ ಕಥೆ. ಆದರೆ ವಿಚಾರ ಆರಂಭವಾಗುವುದು ಇಲ್ಲಿಂದ.

ಆಟದಲ್ಲಿ ಮಗು ಕಲಿಯುವುದು ವಿಷಯವನ್ನಲ್ಲ, ನಿಯಮವನ್ನು. ಪಠ್ಯಪುಸ್ತಕದ ಮಾತನ್ನು ಓದಿದ ಹುಡುಗ ಅದನ್ನು ನಂಬಬಹುದು, ನಂಬದಿರಬಹುದು. ಎದ್ದು ನಿಂತು ಪ್ರಶ್ನಿಸಲೂಬಹುದು. ಆಟದ ನಿಯಮವನ್ನು ಆತ ಪ್ರಶ್ನಿಸುವುದಿಲ್ಲ. ಪ್ರಶ್ನಿಸಿದರೆ ಆಟವೇ ಇಲ್ಲ. ಗೆಲ್ಲಬೇಕಾದರೆ ನಿಯಮಕ್ಕೆ ಒಗ್ಗಿಕೊಳ್ಳಬೇಕು. ಆದ್ದರಿಂದ ನಿಯಮವನ್ನು ಬರೆದವನೇ ನಿಜವಾದ ಪಾಠವನ್ನು ಬರೆದಂತೆ.

ಇದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಹಬ್ಬದ ರಾತ್ರಿಗಳಲ್ಲಿ ಹಾಸಿ ಆಡುತ್ತಿದ್ದ ಪರಮಪದಸೋಪಾನ ಪಟವನ್ನು ನೆನೆದುಕೊಳ್ಳಿ. ಯಾವ ಮನೆಯಲ್ಲಿ ಹಾವಿನ ಬಾಯಿ, ಯಾವ ಮನೆಯಲ್ಲಿ ಏಣಿಯ ಬುಡ ಎಂಬುದನ್ನು ಪಟ ಬರೆದವರು ಮೊದಲೇ ಗೊತ್ತುಮಾಡಿದ್ದರು. ಅಹಂಕಾರಕ್ಕೆ ಹಾವು, ಭಕ್ತಿಗೆ ಏಣಿ. ಹಲವು ಪಟಗಳಲ್ಲಿ ಏಣಿಗಳಿಗಿಂತ ಹಾವುಗಳೇ ಹೆಚ್ಚು. ಮೇಲಕ್ಕೆ ಏರುವುದು ಸುಲಭವಲ್ಲವೆಂಬುದೂ ಪಾಠದ ಒಂದು ಭಾಗ. ಇದೇ ಆಟ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋದಾಗ ಅಲ್ಲಿಯವರು ಮನೆಗಳಿಗೆ ತಮ್ಮ ನೀತಿಯ ಹೆಸರುಗಳನ್ನಿಟ್ಟರು. ಬರಬರುತ್ತ ಹೆಸರುಗಳೂ ಅಳಿಸಿಹೋಗಿ ಬರಿಯ ಹಾವೂ ಏಣಿಯೂ ಉಳಿದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹಲವು ಮಣೆಯಾಟಗಳನ್ನು ರಚಿಸಿದವರು. ಶ್ರೀತತ್ತ್ವನಿಧಿಯ ಒಂದು ನಿಧಿಯನ್ನೇ ಆಟಗಳಿಗೆ ಮೀಸಲಿಟ್ಟವರು. ಆಟ ಹುಡುಗಾಟವೆಂದು ಅವರು ಭಾವಿಸಿರಲಿಲ್ಲ.

ಇನ್ನು ಈ ದೃಷ್ಟಿಯಿಂದ ಒರೆಗಾನ್ ದಾರಿಯತ್ತ ಮರಳಿ ನೋಡೋಣ. 1985ರ ರೂಪದಲ್ಲಿ ಆಟಗಾರನು ಬ್ಯಾಂಕಿನವನಾಗಿ ಹೊರಟರೆ ಕೈಯಲ್ಲಿ 1600 ಡಾಲರು, ಬಡಗಿಯಾದರೆ 800, ರೈತನಾದರೆ 400. ಆದರೆ ರೈತನಾಗಿ ಊರು ಮುಟ್ಟಿದವನಿಗೆ ಮೂರು ಪಟ್ಟು ಅಂಕಗಳು ದೊರೆಯುತ್ತವೆ. ಬಡವನ ಪ್ರಯಾಣ ಕಠಿನವೆಂದೂ ಆದ್ದರಿಂದ ಹೆಚ್ಚು ಗೌರವಕ್ಕೆ ಅರ್ಹವೆಂದೂ ಒಂದು ಮಾತನ್ನೂ ಆಡದೆ ನಿಯಮವೇ ಕಲಿಸಿತು. ಚೆಲುವಾದ ನಿಯಮ. ಅದೇ ಆಟದ ಬೇಟೆಯನ್ನು ನೋಡಿ. ಬೈಸನ್ ಎಂಬ ಭಾರಿ ಮೃಗವನ್ನು ಕೆಡವಿದರೂ ಗಾಡಿಗೆ ಹೊತ್ತು ತರಬಹುದಾದ ಮಾಂಸ 100 ಪೌಂಡು ಮಾತ್ರ. ಉಳಿದದ್ದು ಬಯಲಿನಲ್ಲಿ ಕೊಳೆಯುತ್ತದೆ. ದುಂದು ಮಾಡಬೇಡ ಎಂದು ಹೇಳುವುದೇ ಇದರ ಉದ್ದೇಶವಿರಬಹುದು. ಆದರೆ ಗುಂಡು ಹಾರಿಸುವುದೇ ಆಟದ ಅತ್ಯಂತ ಮೋಜಿನ ಭಾಗವಾಗಿದ್ದುದರಿಂದ ಮಕ್ಕಳು ಮಾಂಸದ ಚಿಂತೆಯನ್ನು ಬಿಟ್ಟು ಗುಂಡಿರುವ ತನಕ ಹೊಡೆದರು. ಉಪದೇಶ ಒಂದು ಕಡೆ, ಮೋಜು ಇನ್ನೊಂದು ಕಡೆ ಎಳೆದಾಗ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಆಳವಾದ ಪ್ರಶ್ನೆ ಮತ್ತೊಂದು. ಮಗುವನ್ನು ಯಾರ ಪೀಠದಲ್ಲಿ ಕೂರಿಸಿದ್ದಾರೆ? ಗಾಡಿಯ ಮೂಕಿಯ ಮೇಲೆ. ಅಲ್ಲಿಂದ ಕಾಣುವುದು ದಾರಿ, ನದಿ, ಹಿಮ, ರೋಗ ಮತ್ತು ದಾರಿಯ ಕೊನೆಯಲ್ಲಿ ಕಾದಿರುವ ಹೊಲ. ಆ ಹೊಲ ಮೊದಲು ಯಾರದು ಎಂಬ ಪ್ರಶ್ನೆ ಗಾಡಿಯವನಿಗೆ ಬರುವುದಿಲ್ಲ. 1850ರಲ್ಲಿ ಅಮೆರಿಕದ ಸರ್ಕಾರ ಒರೆಗಾನಿಗೆ ಬಂದು ನೆಲೆಸಿದ ಬಿಳಿಯ ದಂಪತಿಗಳಿಗೆ 640 ಎಕರೆ, ಒಂಟಿ ಗಂಡಸಿಗೆ 320 ಎಕರೆ ನೆಲವನ್ನು ಕೊಡುವ ಕಾನೂನನ್ನು ಮಾಡಿತು. ಆ ನೆಲದಲ್ಲಿ ಶತಮಾನಗಳಿಂದ ಬಾಳಿದ ಮೂಲನಿವಾಸಿಗಳು ಆಟದೊಳಗೆ ದಾರಿಯ ಘಟನೆಗಳಾಗಿ ಮಾತ್ರ ಬಂದುಹೋಗುತ್ತಾರೆ.

ಆಟವನ್ನು ಬರೆದವರ ಪರವಾಗಿ ಒಂದು ಮಾತು ಹೇಳಲೇಬೇಕು. ಅಂದಿನ ಸಿನಿಮಾಗಳಲ್ಲಿ ಅಮೆರಿಕದ ಇಂಡಿಯನ್ ಎಂದರೆ ಕೂಗುತ್ತ ಗಾಡಿಗಳ ಮೇಲೆ ಬೀಳುವವನೇ. ಅಚ್ಚಾದ ಆಟದಲ್ಲಾದರೋ, ಆಹಾರ ಸಿಗುವ ಜಾಗವನ್ನು ಇಂಡಿಯನ್ನರು ತೋರಿಸಿಕೊಟ್ಟರು ಎಂಬುದೂ ಒಂದು ಘಟನೆ. ಇದು ಸತ್ಯಕ್ಕೆ ಸಮೀಪವಾದದ್ದು. 1979ರಲ್ಲಿ ಪ್ರಕಟವಾದ ಜಾನ್ ಅನ್ರೂ ಅವರ ದೊಡ್ಡ ಅಧ್ಯಯನದ ಪ್ರಕಾರ, 1840ರಿಂದ 1860ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಪಡುವಣಕ್ಕೆ ಹೋದ ಎರಡೂವರೆ ಲಕ್ಷಕ್ಕೂ ಮಿಕ್ಕ ವಲಸೆಗಾರರಲ್ಲಿ ಇಂಡಿಯನ್ನರ ಕೈಯಲ್ಲಿ ಸತ್ತವರು 362 ಮಂದಿ; ವಲಸೆಗಾರರ ಕೈಯಲ್ಲಿ ಸತ್ತ ಇಂಡಿಯನ್ನರು 426. ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಸತ್ತದ್ದು ಕಾಲರಾ ಮುಂತಾದ ರೋಗಗಳಿಂದ. ದಿನಚರಿಗಳನ್ನು ಎಣಿಸಿ ದಾಳವನ್ನು ತಿದ್ದಿದ್ದರಿಂದ ಆಟದಲ್ಲಿ ರೋಗಕ್ಕೆ ತಕ್ಕ ಸ್ಥಾನ ದೊರೆಯಿತು. ಆದರೆ ದಿನಚರಿಯನ್ನು ಬರೆದಿಟ್ಟವರು ಯಾರು? ಗಾಡಿಯಲ್ಲಿ ಕುಳಿತವರೇ ಅಲ್ಲವೆ? ಹುಲ್ಲು ಮೇದುಹೋದುದನ್ನೂ ಮೃಗಗಳು ಚದುರಿದುದನ್ನೂ ಬಂದ ಗಾಡಿಗಳೊಡನೆ ಕಾಲರಾ ತಮ್ಮ ಹಟ್ಟಿಗಳಿಗೆ ನುಗ್ಗಿದುದನ್ನೂ ದಾರಿಯ ಬದಿಯಲ್ಲಿ ನಿಂತು ಕಂಡವರ ಎಣಿಕೆ ಆ ದಾಳದೊಳಗೆ ಸೇರಲಿಲ್ಲ. ಪ್ರಾಮಾಣಿಕವಾಗಿ ಎಣಿಸಿದರೂ ಎಣಿಕೆ ಅರ್ಧವಾಗಿಯೇ ಉಳಿಯಬಹುದು.

ಹಾಗಾದರೆ ಆಟವನ್ನು ತರಗತಿಯಿಂದ ಹೊರಗಟ್ಟಬೇಕೆ? ಅದೂ ಅವಿವೇಕ. ಪಠ್ಯಪುಸ್ತಕಗಳೂ ಯಾವುದೋ ಒಂದು ಪೀಠದಿಂದ ಬರೆದವುಗಳೇ. ಆದರೆ ಆಟದ ಅನಂತರ ಮೇಷ್ಟರಿಗೆ ಕೆಲಸ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ ಎಂಬುದನ್ನು ಮರೆಯಬಾರದು. ರಾವಿಚ್ ಅವರಿಗೆ ಆಟ ಪಾಠದ ಒಂದು ಅಂಗವಾಗಿತ್ತು. ಪಾಠದ ಬದಲಿಗೆ ಬಂದದ್ದಾಗಿರಲಿಲ್ಲ. ಸುಮೇರಿಯದ ಆಟಕ್ಕೂ ಅದರ ಎರಡನೆಯ ರೂಪದಲ್ಲಿ ಧ್ವನಿಮುದ್ರಿತ ವಿವರಣೆಯನ್ನೂ ಚಿತ್ರಗಳ ಪ್ರದರ್ಶನವನ್ನೂ ಸೇರಿಸಿದ್ದರು. ಧಾನ್ಯ ಹಂಚಿದ ಮಾತ್ರಕ್ಕೆ ಮಗುವಿಗೆ ಸುಮೇರಿಯ ತಿಳಿಯುವುದೆಂದು ಅವರು ಭಾವಿಸಲಿಲ್ಲವೆಂದು ಇದರಿಂದ ಊಹಿಸಬಹುದು. ಆಟವನ್ನು ಶಾಲೆಗಳಿಗೆ ಮಾರುವ ಇಂದಿನ ಕಂಪೆನಿಗಳು ಇದನ್ನು ಅಷ್ಟಾಗಿ ಒತ್ತಿ ಹೇಳುವುದಿಲ್ಲ. ಮಗು ತಾನಾಗಿಯೇ ಕಲಿಯುತ್ತದೆ ಎಂಬುದು ಜಾಹೀರಾತಿಗೆ ಒಪ್ಪುವ ಮಾತು. ತಾನಾಗಿ ಕಲಿಯುವುದು ನಿಜವೇ. ಏನನ್ನು ಎಂಬುದೇ ಪ್ರಶ್ನೆ. ಆಟ ಮುಗಿದ ಮೇಲೆ ಯಂತ್ರವನ್ನು ಆರಿಸಿ, 'ಈ ನಿಯಮವನ್ನು ಹೀಗೇ ಏಕೆ ಮಾಡಿದರು, ನೀವಾದರೆ ಹೇಗೆ ಮಾಡುತ್ತಿದ್ದಿರಿ?' ಎಂದು ಕೇಳುವ ಉಪಾಧ್ಯಾಯರಿದ್ದರೆ ತಪ್ಪು ಎಣಿಕೆಯ ಆಟವೂ ಒಳ್ಳೆಯ ಪಾಠವಾದೀತು. ಅವರಿಲ್ಲದಿದ್ದರೆ ಸರಿಯಾದ ಎಣಿಕೆಯ ಆಟದಿಂದಲೂ ಬೆರಳಿನ ಚುರುಕಷ್ಟೇ ಮಿಕ್ಕೀತು.

ನಿಯಮವನ್ನು ಹೊಸದಾಗಿ ಬರೆಯುವ ಪ್ರಯತ್ನಗಳೂ ನಡೆದಿವೆ. 2021ರಲ್ಲಿ ಗೇಮ್‌ಲಾಫ್ಟ್ ಕಂಪೆನಿಯವರು ಒರೆಗಾನ್ ಟ್ರೇಲನ್ನು ಮತ್ತೆ ರೂಪಿಸಿದಾಗ ಮೂಲನಿವಾಸಿ ಸಮುದಾಯದ ಚರಿತ್ರಕಾರರ ಸಲಹೆಯನ್ನು ಪಡೆದು, ಆ ಜನರನ್ನೇ ನಾಯಕರನ್ನಾಗಿ ಉಳ್ಳ ಕಥೆಗಳನ್ನೂ ಸೇರಿಸಿದರು. ಅದಕ್ಕೆ ಎರಡು ವರ್ಷ ಮೊದಲು, 2019ರಲ್ಲಿ, ಮೂಲನಿವಾಸಿಗಳ ಭೂಮಿಯ ಹಕ್ಕಿಗಾಗಿ ದುಡಿಯುವ ಸಂಸ್ಥೆಯೊಂದು ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದವರೊಡನೆ ಕೂಡಿ 'ವೆನ್ ರಿವರ್ಸ್ ವರ್ ಟ್ರೇಲ್ಸ್' ಎಂಬ ಆಟವನ್ನು ಶಾಲೆಗಳಿಗಾಗಿ ಹೊರತಂದಿತು. ನದಿಗಳೇ ದಾರಿಗಳಾಗಿದ್ದಾಗ ಎಂದು ಅದರ ಅರ್ಥ. ಎಲಿಜಬೆತ್ ಲಪೆನ್ಸೆ ಅವರ ಮುಂದಾಳುತನದಲ್ಲಿ, ಬೇರೆ ಬೇರೆ ಬುಡಕಟ್ಟುಗಳಿಗೆ ಸೇರಿದ ಇಪ್ಪತ್ತಕ್ಕೂ ಹೆಚ್ಚು ಲೇಖಕರು ಅದರ ಮಾತುಗಳನ್ನು ಬರೆದರು.

ಆ ಆಟದ ಕಾಲ 1890ರ ದಶಕ. ಬುಡಕಟ್ಟಿನವರು ಒಟ್ಟಾಗಿ ಅನುಭವಿಸುತ್ತಿದ್ದ ನೆಲವನ್ನು ತುಂಡುತುಂಡಾಗಿ ಹಂಚಿ, ಮಿಕ್ಕದ್ದನ್ನು ಹೊರಗಿನವರಿಗೆ ಮಾರಲು ಅವಕಾಶ ಮಾಡಿಕೊಟ್ಟ 1887ರ ಕಾನೂನು ಜಾರಿಗೆ ಬಂದಿದೆ. ಆಟಗಾರನು ಅನಿಶಿನಾಬೆ ಜನಾಂಗದವನು. ಫಾಂಡ್ ಡು ಲ್ಯಾಕ್ ಎಂಬ ತನ್ನ ನೆಲೆಯಿಂದ ಹೊರಬಿದ್ದು, ದಾರಿಯಲ್ಲಿ ಸಿಗುವ ಬೇರೆ ಬುಡಕಟ್ಟಿನವರೊಡನೆ ಮಾತಾಡುತ್ತ, ಕೆಲವರಿಂದ ನೆರವು ಪಡೆಯುತ್ತ, ಕೆಲವರಿಗೆ ನೆರವಾಗುತ್ತ, ಸರ್ಕಾರದ ಅಧಿಕಾರಿಗಳಿಂದ ತಪ್ಪಿಸಿಕೊಳ್ಳುತ್ತ ಕ್ಯಾಲಿಫೋರ್ನಿಯದವರೆಗೆ ಸಾಗಬೇಕು. ಇಲ್ಲಿಯೂ ಬೇಟೆಯುಂಟು, ಮೀನು ಹಿಡಿಯುವುದುಂಟು, ವಿನಿಮಯವುಂಟು; ಪ್ರಯಾಣದ ದಿಕ್ಕೂ ಪಡುವಣವೇ. ಫಾಂಡ್ ಡು ಲ್ಯಾಕ್ ಇರುವುದು ಮಿನೆಸೋಟ ರಾಜ್ಯದಲ್ಲಿ. 1971ರ ಡಿಸೆಂಬರಿನಲ್ಲಿ ಮಕ್ಕಳು ಟೆಲಿಟೈಪಿನ ಮುಂದೆ ಸಾಲುಗಟ್ಟಿ ನಿಂತಿದ್ದ ಶಾಲೆ ಇದ್ದದ್ದೂ ಅದೇ ರಾಜ್ಯದಲ್ಲಿ.